ಮಿನಿಸ್ಟರ್ ಉಂಡ ಮೇಲೆ ಎರಡು ದಿನ

ಇಪ್ಪತ್ತಾರು ವರ್ಷ ಶಾಲೆಯ ನೆಲ ಒರೆಸಿದ್ದಕ್ಕೆ ಜಿಬುಯಿಲೆಗೆ ಎರಡು ಉಡುಗೊರೆ ಸಿಕ್ಕವು. ಹೆಡ್‌ಮಾಸ್ಟರು ಗೋಡೆ ಗಡಿಯಾರ ಕೊಟ್ಟರು. ಅಷ್ಟೂ ವರ್ಷ ಗಡಿಯಾರ ನೋಡಿಕೊಂಡೇ ಓಡಿದವಳಿಗೆ, ಓಟ ಮುಗಿದ ದಿನ ಇನ್ನೊಂದು ಗಡಿಯಾರ. ಜೀವಶಾಸ್ತ್ರ ಕಲಿಸುವ ಮಿಸ್ ಗೋವೆಂಡರ್ ಹಾವು ಕೊಟ್ಟರು.

ಶಾಲೆಯ ಲ್ಯಾಬನ್ನು ಕಂಪ್ಯೂಟರ್ ಕೋಣೆ ಮಾಡುವುದೆಂದು ತೀರ್ಮಾನವಾಗಿತ್ತು. ಕಂಪ್ಯೂಟರಿಗೆ ಮೌಸ್ ಬೇಕು, ಮೌಸ್ ತಿನ್ನುವವನು ಬೇಡ. ಮಿಸ್ ಗೋವೆಂಡರ್ ಕೂಡ ಕೇಪ್‌ಟೌನಿಗೆ ವರ್ಗವಾಗಿ ಹೊರಟಿದ್ದರು. ಹಾಗಾಗಿ ಲ್ಯಾಬಿನ ಮೂಲೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆರಾಮಾಗಿ ಸುತ್ತಿಕೊಂಡು ಬಿದ್ದಿದ್ದ ಹಾವು ಒಂದೇ ದಿನದಲ್ಲಿ ನಿರ್ಗತಿಕವಾಯಿತು.

“ನನಗೇ ಯಾಕೆ ಮಿಸ್?” ಎಂದು ಜಿಬುಯಿಲೆ ಕೇಳಿದ್ದಳು.

“ಲ್ಯಾಬಿಗೆ ಬಂದು ಇವನನ್ನ ನೋಡಿ ಕಿರುಚದೆ ಇದ್ದೋರು ನೀವೊಬ್ರೇ ಮಾ.”

“ಕಿರುಚ್ತಾ ನಿಂತ್ರೆ ನೆಲ ಒರೆಸೋರು ಯಾರು?”

ಅದು ಸಾದಾ ಮನೆಹಾವು. ಒಂದು ಗಜ ಉದ್ದ, ಇಟ್ಟಿಗೆ ಬಣ್ಣ, ಕಣ್ಣಿನ ಎರಡೂ ಬದಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದ ಹಾಗೆ ತೆಳು ಬಿಳಿ ಪಟ್ಟೆ. ವಿಷವಿಲ್ಲ. ಕೋಳಿಗೂಡಿನ ಸಂದಿಯಲ್ಲಿ ಇಲಿ ಹಿಡಿದು ಬದುಕುವ ಜಾತಿ. ಉಣ್ಣುವುದು, ಸುತ್ತಿಕೊಂಡು ಮಲಗುವುದು, ಯಾರಾದರೂ ಬಂದರೆ ನಾಲಿಗೆ ಮಾತ್ರ ಆಡಿಸುವುದು, ಇದಿಷ್ಟೇ ಅದರ ದಿನಚರಿ. ಜಿಬುಯಿಲೆ ಮೂರು ದಿನ ನೋಡಿ ಅದಕ್ಕೆ ‘ಮಿನಿಸ್ಟರ್’ ಎಂದು ಹೆಸರಿಟ್ಟಳು.

ಹೊರಡುವ ಮುಂಚೆ ಮಿಸ್ ಗೋವೆಂಡರ್ ಒಂದು ಮಧ್ಯಾಹ್ನ ಪೂರ್ತಿ ಕೂತು ಪಾಠ ಹೇಳಿದ್ದರು. ಇಲಿಯನ್ನು ಸಾಕುಪ್ರಾಣಿ ಅಂಗಡಿಯಿಂದ ಹೆಪ್ಪುಗಟ್ಟಿದ್ದೇ ತರಬೇಕು, ಜೀವಂತ ಇಲಿ ಬಿಟ್ಟರೆ ಅದೇ ತಿರುಗಿಬಿದ್ದು ಹಾವನ್ನು ಕಚ್ಚುತ್ತದೆ. ಮೊದಲು ತಣ್ಣೀರಿನಲ್ಲಿ ಹೆಪ್ಪು ಬಿಡಿಸಿ ಆಮೇಲೆ ಬಿಸಿ ನೀರಿನಲ್ಲಿಟ್ಟು ಮೈ ಬೆಚ್ಚಗಾದ ಮೇಲೆ ಇಕ್ಕಳದಲ್ಲಿ ಹಿಡಿದು ಕೊಡಬೇಕು. ಕೈಯಲ್ಲಿ ಕೊಟ್ಟರೆ ಬೆರಳು ಯಾವುದು ಇಲಿ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಇಲಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಡಬ್ಬಿಯೊಳಗೆ ಹಾಕಲೇಬಾರದು. ಎತ್ತುವಾಗ ಮೇಲಿನಿಂದ ಹದ್ದಿನ ಹಾಗೆ ಎರಗದೆ ಪಕ್ಕದಿಂದ ಕೈ ತೂರಿಸಿ, ನಡುವಿಗೆ ಆಸರೆ ಕೊಟ್ಟು, ಹರಿಯಲು ಬಿಡಬೇಕು.

“ಇದೆಲ್ಲ ಮರೆತ್ರೂ ಒಂದು ಮರೀಬೇಡಿ,” ಎಂದಿದ್ದರು ಮಿಸ್. “ಉಂಡ ಮೇಲೆ ಎರಡು ದಿನ ಯಾರೂ ಮುಟ್ಟಬಾರದು. ಮುಟ್ಟಿದ್ರೆ ತಿಂದದ್ದೆಲ್ಲ ವಾಂತಿ. ಒಂದ್ಸಲ ಹಾಗಾದ್ರೆ ಹೊಟ್ಟೆ ಸುಟ್ಟುಹೋಗುತ್ತೆ. ಎರಡು ಮೂರು ಸಲ ಆದ್ರೆ ಪ್ರಾಣಾನೇ ಹೋಗುತ್ತೆ.”

ಜಿಬುಯಿಲೆ ಕೇಳಿಸಿಕೊಂಡಳು. ಮಾವ ಪಾರ್ಶ್ವವಾಯು ಬಡಿದು ಮೂರು ವರ್ಷ ಇದೇ ಉಮ್ಲಾಜಿ ಪಟ್ಟಣದ ಮನೆಯಲ್ಲಿ ಹಿಡಿದ ಹಾಸಿಗೆ ಬಿಡದೆ ಮಲಗಿದ್ದಾಗ ಡಾಕ್ಟರು ಇದಕ್ಕಿಂತ ಉದ್ದದ ಪಾಠ ಹೇಳಿದ್ದರು. ಅದಕ್ಕೆ ಹೋಲಿಸಿದರೆ ಹಾವು ಸಾಕುವುದು ಸಲೀಸು. ಹಾವಿನ ಬೆನ್ನಿಗೆ ಹುಣ್ಣಾಗುವುದಿಲ್ಲ. ರಾತ್ರಿ ಕೂಗುವುದಿಲ್ಲ. ಹತ್ತು ದಿನಕ್ಕೊಮ್ಮೆ ಉಣ್ಣುತ್ತದೆ, ಉಪ್ಪು ಕಡಿಮೆ ಎನ್ನುವುದಿಲ್ಲ.

ಮೊದಲ ಊಟದ ದಿನವೇ ಪಕ್ಕದ ಮನೆಯ ಮಾಜೊಂಡಿ ಸಕ್ಕರೆ ಕೇಳುವ ನೆಪದಲ್ಲಿ ಅಡುಗೆಮನೆಗೆ ನುಗ್ಗಿದಳು. ಒಲೆಯ ಪಕ್ಕ ಮಗ್ಗಿನಲ್ಲಿ ಹಬೆಯಾಡುತ್ತಿತ್ತು.

“ಚಾ ಇನ್ನೂ ಇದ್ಯಾ?” ಎಂದು ಬಗ್ಗಿ ನೋಡಿದಳು.

“ಅದು ನಿಂಗಲ್ಲ ಮಾಜೊಂಡಿ. ಅದಕ್ಕೆ ಬಾಲ ಇದೆ.”

ಮಾಜೊಂಡಿ ಸಕ್ಕರೆ ಬಿಟ್ಟು ಓಡಿದಳು. ಹಾವಿಗೆ ವಿಷವಿರಲಿಲ್ಲ, ಆದರೆ ಬೀದಿಗೆ ವಿಷಯ ಸಿಕ್ಕಿತು. ಸಂಜೆಯೊಳಗೆ ಬೀದಿಯಲ್ಲಿ ಎರಡು ಪಕ್ಷಗಳು ಹುಟ್ಟಿದವು. ಅದು ರಾತ್ರಿ ದುಡ್ಡು ಕಕ್ಕುವ ಮಾಟದ ಹಾವು, ಅದಕ್ಕೇ ಮೊನ್ನೆ ಜಿಬುಯಿಲೆ ಚಾವಣಿಗೆ ಬಣ್ಣ ಹೊಡೆಸಿದ್ದು ಎಂದು ಒಂದು ಪಕ್ಷ. ಅದು ಹಿರಿಯರು, ಮನೆಗೆ ಮರಳಿ ಬಂದಿದ್ದಾರೆ ಎಂದು ಇನ್ನೊಂದು. ಅದು ಬರೀ ಹಾವು ಎನ್ನುವ ಮೂರನೆಯ ಪಕ್ಷದಲ್ಲಿ ಇದ್ದವಳು ಒಬ್ಬಳೇ, ಜಿಬುಯಿಲೆ. ಅವಳು ವನ್ಯಜೀವಿ ಇಲಾಖೆ ಕೊಟ್ಟ ಪರ್ಮಿಟ್ಟನ್ನು ಚೌಕಟ್ಟು ಹಾಕಿಸಿ, ಹೊರಗಿನವರಿಗೂ ಕಾಣುವ ಹಾಗೆ ಬಾಗಿಲ ಎದುರಿನ ಗೋಡೆಗೆ ಹೊಡೆದಳು.

“ದುಡ್ಡು ಕಕ್ಕೋದಾದ್ರೆ ನಂಗೂ ಸ್ವಲ್ಪ ಹೇಳಕ್ಕ,” ಎಂದಳು ಮಾಜೊಂಡಿ ಬೇಲಿಯ ಆಚೆಯಿಂದ. ಒಳಗೆ ಬರುವ ಧೈರ್ಯವಿರಲಿಲ್ಲ, ಹೋಗುವ ಮನಸ್ಸೂ ಇರಲಿಲ್ಲ.

“ಕಕ್ಕೋದಿಲ್ಲ. ಹೇಲುತ್ತೆ. ಬೇಕಾದ್ರೆ ಕವರಿಗೆ ಹಾಕಿ ಕೊಡ್ತೀನಿ, ಬ್ಯಾಂಕಿಗೆ ತಗೊಂಡು ಹೋಗು.”

ಸುದ್ದಿ ಬೆಟ್ಟ ಹತ್ತಿ ಎಶೋವೆಯ ಆಚೆಯ ಊರಿಗೂ ಮುಟ್ಟಿತು. ಅಲ್ಲಿ ಅವಳ ಗಂಡನ ಅಣ್ಣ ಎಲ್ಫಾಸ್ ಸಿಬಿಯಾ ಇದ್ದ. ಗಂಡ ಆಲ್ಸನ್ ತೀರಿಕೊಂಡು ಏಳು ವರ್ಷವಾಗಿತ್ತು. ಈ ಏಳು ವರ್ಷದಲ್ಲಿ ಎಲ್ಫಾಸ್ ಫೋನ್ ಮಾಡಿದ್ದು ಎರಡು ಸಲ. ಮೂರನೆಯದು ಈಗ ಬಂತು.

“ಮಾಶೇಜಿ,” ಎಂದ. ಅವಳ ತವರು ಶೇಜಿ ಕುಲದ್ದು, ಗಂಡನ ಮನೆಯವರ ಬಾಯಲ್ಲಿ ಅವಳಿಗೆ ಅದೇ ಹೆಸರು. “ಹಾವು ಸಾಕಿದ್ದೀಯಂತೆ.”

“ಹೂಂ ಭಾವ.”

“ಎಲ್ಲಿಟ್ಟಿದ್ದೀಯ?”

“ಹಿಂದಿನ ಕೋಣೇಲಿ. ಅಲ್ಲಿ ಬಿಸಿಲು ನೇರ ಬೀಳಲ್ಲ.”

“ಅದು ಅಪ್ಪ ಪ್ರಾಣ ಬಿಟ್ಟ ಕೋಣೆ.”

“ಮನೇಲಿರೋದೇ ಮೂರು ಕೋಣೆ. ಎಲ್ಲಿಟ್ರೂ ಯಾರೋ ಒಬ್ರು ಏನೋ ಒಂದು ಬಿಟ್ಟಿರ್ತಾರೆ.”

ಎಲ್ಫಾಸನ ಕಡೆಯಿಂದ ಕತೆ ಬೇರೆಯೇ ಇತ್ತು. ಅವನ ಎರಡು ಹಸು ಸತ್ತಿದ್ದವು, ಪಿಕಪ್ ಗಾಡಿಯ ಎಂಜಿನ್ ಕೂತಿತ್ತು. ನಿಮಿತ್ತ ಹೇಳುವವಳು ಮೂಳೆ ಚೆಲ್ಲಿ, ನಿಮ್ಮಪ್ಪ ಇನ್ನೂ ಪಟ್ಟಣದಲ್ಲೇ ಅಲೀತಿದ್ದಾನೆ, ಮನೆಗೆ ಕರ್ಕೊಂಡು ಬಂದಿಲ್ಲ ಎಂದಿದ್ದಳು. ಮಾತು ಸುಳ್ಳಲ್ಲ. ಊರಾಚೆ ಸತ್ತವರ ಆತ್ಮವನ್ನು ಮುಳ್ಳುಮರದ ಕೊಂಬೆ ಹಿಡಿದು ಹೋಗಿ ಕರೆದುಕೊಂಡು ಬರಬೇಕು, ಅದು ಹಿರಿಮಗನ ಕೆಲಸ. ಒಂಬತ್ತು ವರ್ಷದಿಂದ ಎಲ್ಫಾಸನಿಗೆ ಪುರುಸೊತ್ತಾಗಿರಲಿಲ್ಲ. ಈಗ ಅಪ್ಪ ಕಾದು ಕಾದು ಬೇಸತ್ತು, ಅದೇ ಕೋಣೆಯಲ್ಲಿ ಹಾವಾಗಿ ಬಂದು ಕೂತಿದ್ದಾನೆ. ಎರಡಕ್ಕೆ ಎರಡು ಸೇರಿಸಿದರೆ ನಾಲ್ಕು. ಎಲ್ಫಾಸ್ ಸೇರಿಸಿದ್ದರಿಂದ ನಲವತ್ತಾಗಿತ್ತು.

“ಅದು ಮಿಸ್ ಗೋವೆಂಡರ್ ಕೊಟ್ಟ ಹಾವು ಭಾವ. ಶಾಲೇಲಿತ್ತು.”

“ಹಿರಿಯರಿಗೆ ದಾರಿ ನೂರು. ಟೀಚರ್ ಕೈಲೂ ಬರ್ತಾರೆ. ನೋಡು ಮಾಶೇಜಿ, ನೀನು ಸೊಸೆ. ಇವತ್ತಿಂದ ಅವರನ್ನ ಮುಟ್ಟಬೇಡ. ಆ ಕೋಣೆಗೆ ಹೋದ್ರೆ ತಲೇಗೆ ಭುಜಕ್ಕೆ ಬಟ್ಟೆ ಇರ್ಲಿ. ಮಿನಿಸ್ಟರ್ ಗಿನಿಸ್ಟರ್ ಅಂತೆಲ್ಲ ಹೆಸರು ಹಿಡಿದು ಕರೀಬೇಡ.”

“ಮತ್ತೆ ಇಲಿ ಯಾರು ಕೊಡ್ತಾರೆ?”

“ಅಪ್ಪ ಇಲಿ ತಿಂತಾರೇನೇ? ಜೋಳದ ಬಿಯರ್ ಇಡು. ಸ್ವಲ್ಪ ಕರುಳಿನ ಸಾರು ಇಡು.”

“ಬಿಯರ್ ಇಟ್ರೆ ಸತ್ತೋಗ್ತಾನೆ.”

“ಸತ್ತೇ ಒಂಬತ್ತು ವರ್ಷ ಆಯ್ತು,” ಎಂದ ಎಲ್ಫಾಸ್. “ತಿಂಗಳ ಕೊನೇಲಿ ಬಂದು ಊರಿಗೆ ಕರ್ಕೊಂಡು ಹೋಗ್ತೀನಿ. ದೊಡ್ಡ ಗುಡಿಸಲಲ್ಲಿ ಹಿಂದುಗಡೆ ಜಾಗ ಮಾಡಿಸಿದ್ದೀನಿ.”

ಫೋನಿಟ್ಟ ಜಿಬುಯಿಲೆ ಹಿಂದಿನ ಕೋಣೆಗೆ ಹೋದಳು. ಆ ಗುಡಿಸಲು ಅವಳಿಗೆ ಗೊತ್ತು. ಚಳಿಗಾಲದಲ್ಲಿ ನೆಲ ಮಂಜುಗಡ್ಡೆ, ಬಾಗಿಲಲ್ಲಿ ಎರಡು ನಾಯಿ. ಡಬ್ಬಿಯ ಅಡಿಗೆ ಕರೆಂಟಿನಲ್ಲಿ ಬೆಚ್ಚಗಾಗುವ ಹಾಸಿಲ್ಲದೆ, ಇಲಿಯ ಬದಲು ಬಿಯರ್ ಕುಡಿದು ಮಿನಿಸ್ಟರ್ ಒಂದು ತಿಂಗಳೂ ಬಾಳುವುದಿಲ್ಲ. ಅವನು ಮರದ ಪೊಟರೆಯಂಥ ಗೂಡಿನಿಂದ ತಲೆ ಹೊರಗೆ ಹಾಕಿ ನಾಲಿಗೆ ಆಡಿಸಿದ. ಅವಳು ತಲೆಬಟ್ಟೆ ಇಲ್ಲದೆ, ಪಕ್ಕದಿಂದ ಕೈ ತೂರಿಸಿ ಎತ್ತಿಕೊಂಡಳು.

“ಕಳಿಸಲ್ಲ ಕಣೋ,” ಎಂದಳು. “ಅವರಪ್ಪ ಬಂದ್ರೂ ಕಳಿಸಲ್ಲ.”

ಶುಕ್ರವಾರ ಊಟದ ದಿನ. ದೊಡ್ಡ ಇಲಿಯೊಂದನ್ನು ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಅಲ್ಲಾಡಿಸಿದ್ದೇ ಮಿನಿಸ್ಟರ್ ಗಬಕ್ಕನೆ ಹಿಡಿದು ಮೂರು ಸುತ್ತು ಸುತ್ತಿ, ತಲೆಯಿಂದ ಶುರು ಮಾಡಿ ಬಾಲದವರೆಗೆ ನುಂಗಿದ. ಹೊಟ್ಟೆಯ ನಡುವೆ ನಿಂಬೆಕಾಯಿ ನುಂಗಿದ ಹಾಗೆ ಉಬ್ಬಿತು. ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಡಬ್ಬಿಯ ಮುಚ್ಚಳದ ಎರಡೂ ಕೊಂಡಿ ಸಿಗಿಸಿದಳು.

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಗೇಟಿನ ಮುಂದೆ, ಸೀಟಿಗಿಷ್ಟೆಂದು ಜನ ತುಂಬುವ ವ್ಯಾನ್ ಟ್ಯಾಕ್ಸಿ ನಿಂತಿತು. ತಿಂಗಳ ಕೊನೆಗೆ ಇನ್ನೂ ಎರಡು ವಾರವಿತ್ತು. ಹೇಳಿದ ದಿನ ಬಂದರೆ ಸೊಸೆ ಹಾವು ಬಚ್ಚಿಟ್ಟಾಳು ಎನ್ನುವುದು ಎಲ್ಫಾಸನ ಲೆಕ್ಕ. ಸಾವಿನ ಮನೆಗೆ ಹಾಕುವ ಕರಿ ಕೋಟು, ಒಂದು ಕೈಯಲ್ಲಿ ಗಂಟುಗೋಲು, ಇನ್ನೊಂದರಲ್ಲಿ ಮುಳ್ಳಿನ ಕೊಂಬೆ. ಹಿಂದೆ ಅವನಪ್ಪನ ತಂಗಿ ಲೆಫಿನಾ ಅಜ್ಜಿ, ಮುಚ್ಚಳವಿರುವ ಹುಲ್ಲಿನ ಬುಟ್ಟಿ ಹೊತ್ತು. ವಾಪಸು ಹೋಗುವಾಗ ಆತ್ಮಕ್ಕೂ ಒಂದು ಸೀಟು ಬೇಕಲ್ಲ, ಮೂರು ಸೀಟು ಹೇಳಿಟ್ಟೇ ಬಂದಿದ್ದರು.

ಮಾಜೊಂಡಿ ಬೇಲಿಯ ಹತ್ತಿರ ಒಣಗಿದ ಬಟ್ಟೆಯನ್ನೇ ಮತ್ತೆ ಒಣಗಿಸಲು ಶುರು ಮಾಡಿದಳು. ಬೀದಿಯ ಇನ್ನೂ ಏಳೆಂಟು ಜನಕ್ಕೆ ಅದೇ ಹೊತ್ತಿಗೆ ಅದೇ ಗೇಟಿನ ಮುಂದೆ ಕೆಲಸ ಬಿತ್ತು.

“ಚಾ ಕುಡೀರಿ ಮೊದಲು,” ಎಂದಳು ಜಿಬುಯಿಲೆ.

“ಚಾ ಆಮೇಲೆ. ಅಪ್ಪ ಎಲ್ಲಿ?”

“ನಿಮ್ಮಪ್ಪ ಎಲ್ಲಿದ್ದಾರೋ ನಂಗೊತ್ತಿಲ್ಲ. ಹಾವು ಒಳಗಿದೆ. ಇವತ್ತು ಮುಟ್ಟೋ ಹಾಗಿಲ್ಲ ಭಾವ. ನಿನ್ನೆ ಸಂಜೆ ಉಂಡಿದ್ದಾನೆ. ಎರಡು ದಿನ ಮುಟ್ಟಿದ್ರೆ ವಾಂತಿ ಮಾಡ್ಕೋತಾನೆ.”

“ಅಪ್ಪನಿಗೆ ನೀನು ಇಲಿ ಹಾಕಿದ್ಯಾ?”

“ಸಣ್ಣದಲ್ಲ. ದೊಡ್ಡದೇ ಹಾಕಿದ್ದೀನಿ, ಮರ್ಯಾದೆಗೆ ಕಮ್ಮಿ ಮಾಡಿಲ್ಲ.”

ಲೆಫಿನಾ ಅಜ್ಜಿ ಗೋಡೆಯ ಮೇಲಿನ ಚೌಕಟ್ಟನ್ನು ಮೂಗು ತಾಗುವಷ್ಟು ಹತ್ತಿರ ನಿಂತು ನೋಡುತ್ತಿದ್ದಳು. “ಇದೇನೇ ಇದು, ಸರ್ಕಾರದ ಮೊಹರು?”

“ಹಾವು ಇಟ್ಕೊಳ್ಳೋಕೆ ಪರ್ಮಿಟ್ಟು ಅಜ್ಜಿ.”

“ಪಾಪ ನಮ್ಮಣ್ಣ,” ಎಂದಳು ಅಜ್ಜಿ. “ಪ್ರಾಯದಲ್ಲೆಲ್ಲ ಓಡಾಡೋಕೆ ಬಿಳಿಯರ ಪಾಸ್‌ಬುಕ್ಕು. ಈಗ ಬುಸ್ ಅನ್ನೋಕೂ ಪರ್ಮಿಟ್ಟು.”

ಎಲ್ಫಾಸ್ ಮಾತಿಗೆ ನಿಲ್ಲದೆ ಹಿಂದಿನ ಕೋಣೆಗೆ ನಡೆದ. ಡಬ್ಬಿಯ ಮುಂದೆ ಮೊಣಕಾಲೂರಿ ಕೂತು, ಮುಳ್ಳಿನ ಕೊಂಬೆಯನ್ನು ಮುಚ್ಚಳದ ಮೇಲಿಟ್ಟು, ದೊಡ್ಡ ದನಿಯಲ್ಲಿ ಕುಲದ ಹೆಸರುಗಳನ್ನು ಹೇಳತೊಡಗಿದ. ಸಿಬಿಯಾ, ಸೊತೋಬೆ, ನಾನು ಎಲ್ಫಾಸ್, ನಿನ್ನ ಹಿರಿಮಗ ಬಂದಿದ್ದೀನಿ ಅಪ್ಪಾ, ಏಳು, ಮನೆಗೆ ಹೋಗೋಣ. ದನಿ ಗೇಟಿನ ತನಕ ಕೇಳಿಸಿತು. ಗೇಟಿನಲ್ಲಿದ್ದ ಗಂಡಸರು ಟೋಪಿ ತೆಗೆದರು.

ಅಲ್ಲಿಗೆ ಎಲ್ಫಾಸನ ಬಾಯಿಗೆ ಬೀಗ ಬಿತ್ತು. ಕೊಂಬೆ ಹಿಡಿದವನು ಹಿರಿಯರನ್ನು ಮಾತಾಡಿಸಿದ ಮೇಲೆ ಮನೆ ಮುಟ್ಟುವ ತನಕ ಬದುಕಿದ್ದವರ ಜೊತೆ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಹಿರಿಯರು ಅಲ್ಲೇ ನಿಂತುಬಿಡುತ್ತಾರೆ. ದಾರಿಯಲ್ಲಿ ಡ್ರೈವರನ ಜೊತೆ ಮಾತಾಡಲೆಂದೇ ಅಜ್ಜಿಯನ್ನು ಕರೆತಂದದ್ದು.

ಜಿಬುಯಿಲೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಮದುವೆಯಾಗಿ ಮೂವತ್ತನಾಲ್ಕು ವರ್ಷ ಈ ಭಾವ ಮಾತಾಡಿದ್ದಾನೆ, ಅವಳು ನೆಲ ನೋಡಿಕೊಂಡು ಕೇಳಿದ್ದಾಳೆ. ಇವತ್ತು ಮೊದಲ ಸಲ ಅವನು ಕೇಳಲೇಬೇಕು, ಉತ್ತರ ಕೊಡುವ ಹಾಗಿಲ್ಲ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲವೆಂದು ಅವಳಿಗೆ ಹೊಳೆಯಿತು.

“ಭಾವ, ನೀವೀಗ ಮಾತಾಡೋ ಹಾಗಿಲ್ಲ ಅಲ್ವಾ? ಒಳ್ಳೇದಾಯ್ತು. ನಾನು ಮಾತಾಡ್ತೀನಿ.”

ಎಲ್ಫಾಸ್ ಕಣ್ಣು ಕೆಕ್ಕರಿಸಿದ.

“ಸೊಸೆ ಮಾವನ್ನ ಮುಟ್ಟಬಾರದು ಅಂದ್ರಿ ಫೋನಲ್ಲಿ. ಈ ಕೋಣೇಲಿ ಮೂರು ವರ್ಷ ಮಲಗಿದ್ರು ಅವರು. ಬಲಗೈ ಬಲಗಾಲು ಎರಡೂ ಬಿದ್ದುಹೋಗಿತ್ತು. ಮೈ ಒರೆಸಿದ್ದು ಯಾರು? ಮಗ್ಗುಲು ಬದಲಾಯ್ಸಿದ್ದು ಯಾರು? ಬಟ್ಟೆ ತೊಳೆದದ್ದು, ಮೆಕ್ಕೆಜೋಳದ ಪುಥು ಮೊಸರಲ್ಲಿ ಕಲಸಿ ಚಮಚದಲ್ಲಿ ಬಾಯಿಗಿಟ್ಟದ್ದು? ಆಲ್ಸನ್ ಡ್ಯೂಟಿಗೆ ಹೋಗ್ತಿದ್ರು. ನೀವು ಹಸು ಕಾಯ್ತಿದ್ರಿ. ಆವಾಗ ಒಂದು ದಿನಾನಾದ್ರೂ ಫೋನ್ ಮಾಡಿ, ಮಾಶೇಜಿ, ನೀನು ಸೊಸೆ, ಮುಟ್ಟಬೇಡ, ನಾನು ಬಂದು ಮುಟ್ತೀನಿ ಅಂದ್ರಾ?”

ಎಲ್ಫಾಸ್ ಕೊಂಬೆಯನ್ನು ಮುಚ್ಚಳದ ಮೇಲಿಂದ ಎತ್ತಿಕೊಂಡ.

“ನಾಚಿಕೆ ನಂಗೂ ಇತ್ತು, ಅವರಿಗೂ ಇತ್ತು. ಮೊದಲನೇ ವಾರ ಇಬ್ರೂ ಅತ್ವಿ. ಆಮೇಲೆ ಅವರೇ ಅಂದ್ರು, ಕಣ್ಣು ಮುಚ್ಕೋ ತಾಯಿ, ನಾನೂ ಮುಚ್ಕೋತೀನಿ. ಕಣ್ಣು ಮುಚ್ಕೊಂಡು ಸ್ನಾನ ಮಾಡಿಸಿದ್ದೀನಿ ಭಾವ. ಆ ಕೈ ಅವತ್ತು ಮೈಲಿಗೆ ಆಗ್ಲಿಲ್ಲ, ಇವತ್ತು ಹಾವು ಮುಟ್ಟಿದ್ರೆ ಆಗ್ಬಿಡುತ್ತಾ?”

ಲೆಫಿನಾ ಅಜ್ಜಿ ಬುಟ್ಟಿಯನ್ನು ನೆಲಕ್ಕಿಟ್ಟು ಮಂಚದ ಅಂಚಿನಲ್ಲಿ ಕೂತಳು. “ನಂಗಿದು ಯಾರೂ ಹೇಳಿರ್ಲಿಲ್ಲ,” ಎಂದಳು.

“ಕೇಳಿದ್ರೆ ಹೇಳ್ತಿದ್ದೆ ಅಜ್ಜಿ.”

ಮಾತಿಗೆ ಮಾತು ಕೊಡಲಾಗದ ಗಂಡಸು ಕೈ ಕೆಲಸಕ್ಕೆ ಇಳಿಯುತ್ತಾನೆ. ಎಲ್ಫಾಸ್ ಕೊಂಬೆಯನ್ನು ಕಂಕುಳಿಗೆ ಸಿಗಿಸಿ ಡಬ್ಬಿಯ ಕೊಂಡಿ ತೆಗೆದ.

“ಬೇಡ ಭಾವ. ಮೇಲಿಂದ ಕೈ ಹಾಕಬೇಡಿ. ಹೊಟ್ಟೆ ಅದುಮಬೇಡಿ, ಒಳಗೆ ಇಲಿ ಇದೆ.”

ಅವನು ಮೇಲಿನಿಂದಲೇ ಕೈ ಹಾಕಿದ. ಗೂಡಿನಿಂದ ಮಿನಿಸ್ಟರನನ್ನು ಕತ್ತು ಹಿಡಿದು ಎಳೆದ. ಇನ್ನೊಂದು ಕೈಯಲ್ಲಿ ಉಬ್ಬಿದ ಹೊಟ್ಟೆಯನ್ನೇ ಗಟ್ಟಿಯಾಗಿ ಹಿಡಿದು ಮಡಿಲಿಗೆ ತಂದುಕೊಂಡ. ಜಿಬುಯಿಲೆ ಎರಡು ಹೆಜ್ಜೆ ಮುಂದೆ ಬಂದಳು. ಕಿತ್ತುಕೊಳ್ಳಲು ಹೋದರೆ ಹಾವು ಎರಡು ತುಂಡಾದೀತೆಂದು ನಿಂತಳು. ಮಿನಿಸ್ಟರ್ ಮೊದಲು ಬಾಲದ ಬುಡದಿಂದ ಒಂದು ಕೆಟ್ಟ ವಾಸನೆ ಬಿಟ್ಟ. ಹೆದರಿದ ಹಾವು ಮಾಡುವುದೇ ಅದು. ಎಲ್ಫಾಸ್ ಮುಖ ಕಿವುಚಿದ, ಬಾಯಿ ಬಿಡಲಿಲ್ಲ. ಆಮೇಲೆ ಹಾವಿನ ಹೊಟ್ಟೆಯ ಉಬ್ಬು ನಿಧಾನವಾಗಿ ತಲೆಯ ಕಡೆಗೆ ಹೊರಟಿತು. ದವಡೆ ಅಗಲವಾಯಿತು. ಮೊದಲು ಬಾಲ ಬಂತು, ಆಮೇಲೆ ಹಿಂಗಾಲು, ಆಮೇಲೆ ನೆಂದು ಕೂದಲುದುರಿ ಅರ್ಧ ಕರಗಿದ ಇಡೀ ಇಲಿ, ಸಾವಿನ ಮನೆಯ ಕೋಟಿನ ಮೇಲೆ, ಅಲ್ಲಿಂದ ಜಾರಿ ಪ್ಯಾಂಟಿನ ಮೇಲೆ.

“ತೆಗೀರಿ ಇದನ್ನ ನನ್ನ ಮೇಲಿಂದ,” ಎಂದು ಎಲ್ಫಾಸ್ ಕೂಗಿದ. “ತೆಗೀರೋ ಯಾರಾದ್ರೂ, ನಾರ್ತಾ ಇದೆ.”

ಹಿಡಿತ ಸಡಿಲಾದದ್ದೇ ಜಿಬುಯಿಲೆ ಹಾವಿನ ನಡುವಿನ ಅಡಿಗೆ ಕೈ ಕೊಟ್ಟು ಎತ್ತಿಕೊಂಡಳು. ಮಿನಿಸ್ಟರ್ ಅವಳ ಮುಂಗೈಗೆ ಸುತ್ತಿಕೊಂಡ.

“ಮಾತಾಡ್ಬಿಟ್ಟೆಯಲ್ಲೋ,” ಎಂದಳು ಲೆಫಿನಾ ಅಜ್ಜಿ.

“ಅತ್ತೆ, ನೋಡಿ ಇಲ್ಲಿ, ಏನಾಯ್ತು ಅಂತ...”

“ಮತ್ತೆ ಮಾತಾಡ್ತಿದ್ದೀಯ. ಎರಡು ಸಲ ಆಯ್ತು. ನಿನ್ನ ಜೊತೆ ಇನ್ನು ಅವನು ಬರಲ್ಲ ಎಲ್ಫಾಸ್.”

ಗೇಟಿನಲ್ಲಿ ಸುದ್ದಿ ಆಗಲೇ ರೆಕ್ಕೆ ಬಿಚ್ಚಿತ್ತು. ಹಿರಿಯರು ಮಗನ ಮೈಮೇಲೆ ಕಕ್ಕಿದರಂತೆ. ಗೇಟಿನವರು ಹಿಂದಿನ ಕಿಟಕಿಯ ತನಕ ಬಂದರು, ಮಾಜೊಂಡಿಯೂ ಈಗ ಬೇಲಿ ದಾಟಿ ಅಂಗಳದಲ್ಲೇ ಇದ್ದಳು. ಒದ್ದೆಯಿಲ್ಲದ ಬಟ್ಟೆ ಇನ್ನೂ ಹೆಗಲ ಮೇಲಿತ್ತು.

ಅಜ್ಜಿ ಎದ್ದು ಜಿಬುಯಿಲೆಯ ಹತ್ತಿರ ಬಂದಳು. ದನಿ ತಗ್ಗಿತು. “ಮಗಳೇ, ಕೇಳು. ಅಣ್ಣನಿಗೆ ನಿನ್ನ ಹತ್ರಾನೇ ಇರೋ ಮನಸ್ಸು. ಎಲ್ರೂ ನೋಡಿದ್ರು. ಇಲ್ಲೇ ಇರ್ಲಿ. ನಾನು ಊರಲ್ಲಿ ಹೇಳ್ತೀನಿ, ಮೇಕೆ ಕಡಿಸ್ತೀನಿ, ನೆಂಟರೆಲ್ಲ ನಿನ್ನ ಬಾಗಿಲಿಗೆ ಬಂದು ಕೈ ಮುಗೀತಾರೆ. ನೀನು ತಲೆ ಮುಚ್ಕೊಂಡು ದಿನಾ ಬಿಯರ್ ಇಟ್ರೆ ಸಾಕು. ಎಲ್ಫಾಸನೂ ನಿನ್ನ ಕೇಳದೆ ಒಂದು ಹೆಜ್ಜೆ ಇಡಲ್ಲ.”

ಒಳ್ಳೆಯ ವ್ಯಾಪಾರವೇ. ಹೂಂ ಎಂದರೆ ಹಾವು ಉಳಿಯುತ್ತಿತ್ತು, ಮರ್ಯಾದೆ ಬೆಳೆಯುತ್ತಿತ್ತು, ಭಾವನ ಬಾಯಿ ಜೀವಮಾನಕ್ಕೆ ಮುಚ್ಚುತ್ತಿತ್ತು. ಜಿಬುಯಿಲೆ ಮುಂಗೈ ಮೇಲಿದ್ದವನನ್ನು ನೋಡಿದಳು.

“ಬೇಡ ಅಜ್ಜಿ. ಅಮುಕಿದ್ದಕ್ಕೆ ಕಕ್ಕಿದ್ದು. ನಿಮ್ಮನ್ನ ಅಮುಕಿದ್ರೆ ನೀವೂ ಕಕ್ತೀರ. ನೀವು ಬಂದ ಕೂಡ್ಲೇ ಹೇಳಿದ್ದೆ. ಇದು ನಿಮ್ಮಣ್ಣ ಅಲ್ಲ. ನಿಮ್ಮಣ್ಣನ್ನ ನೋಡ್ಕೊಂಡೋಳು ನಾನು, ನಂಗೊತ್ತಾಗಲ್ವಾ? ಇದು ಹಾವು. ಹಾವು ಅಂತಾನೇ ಇಟ್ಕೊಂಡಿದ್ದೀನಿ. ಮಾವ ಅಂತ ಸುಳ್ಳು ಹೇಳಿ ಇಟ್ಕೊಳ್ಳಲ್ಲ.”

“ಕೇಳಿಸ್ಕೊಂಡ್ರಾ,” ಎಂದು ಎಲ್ಫಾಸ್ ಎದ್ದ. ಮುಖ ಕೋಟಿನಷ್ಟೇ ಕಪ್ಪಾಗಿತ್ತು. ಮೂಲೆಗೆ ಒರಗಿಸಿದ್ದ ಗಂಟುಗೋಲು ಕೈಗೆ ಬಂತು. “ಇವಳ ಬಾಯಿಂದಾನೇ ಬಂತು. ಅಪ್ಪ ಅಲ್ವಂತೆ, ಹಾವಂತೆ. ಹಾವಾದ್ರೆ ಹೊಡೆದು ಹಾಕೋದು ಸಿಬಿಯಾ ಮನೇಲಿ ನಾವು ಮಾಡೋ ಕೆಲಸ. ಕೆಳಗೆ ಬಿಡು ಅದನ್ನ.”

ಜಿಬುಯಿಲೆ ಬಿಡಲಿಲ್ಲ. ಹಿಂದೆಯೂ ಸರಿಯಲಿಲ್ಲ. ಹಾವಿದ್ದ ಕೈಯನ್ನು ಎದೆಗೆ ತಂದುಕೊಂಡಳು.

“ಹೊಡೀರಿ ಭಾವ. ಕೋಲು ನನ್ನ ಕೈ ದಾಟಿ ಹೋಗಬೇಕು. ಆದ್ರೆ ಮೊದಲು ಅಂಗಳದಲ್ಲಿ ನಿಂತಿರೋರಿಗೆ ಒಂದು ಹೇಳಿ. ಈಗಷ್ಟೇ ಮೊಣಕಾಲೂರಿ, ಅಪ್ಪಾ ಏಳು, ಮನೆಗೆ ಹೋಗೋಣ ಅಂದ್ರಲ್ಲ. ಯಾರಿಗಂದ್ರಿ?”

ಕೋಲು ಗಾಳಿಯಲ್ಲಿ ನಿಂತಿತು. ಕಿಟಕಿಯ ಹೊರಗೆ ಎಂಟು ಮುಖ, ಅದರಲ್ಲಿ ಟೋಪಿ ತೆಗೆದ ಮೂರು. ಹಾವೆಂದರೆ ತಾನು ಹಾವಿಗೆ ಅಡ್ಡಬಿದ್ದ ಮೂಢ. ಅಪ್ಪನೆಂದರೆ ಅಪ್ಪನ ತಲೆ ಒಡೆಯ ಹೊರಟ ಮಗ. ಎಲ್ಫಾಸನ ಕೈ ಎರಡರ ನಡುವೆ ನೇತಾಡಿ ಸುಸ್ತಾಯಿತು.

“ಕೋಲು ಇಳಿಸು,” ಎಂದಳು ಲೆಫಿನಾ ಅಜ್ಜಿ. “ನಿನ್ನ ಕೈಯಲ್ಲಿ ಯಾವುದೂ ನೆಟ್ಟಗೆ ಆಗಲ್ಲ.”

ಕೋಲು ಇಳಿಯಿತು. ಅಜ್ಜಿ ನೆಲದ ಮೇಲೆ ಬಿದ್ದಿದ್ದ ಮುಳ್ಳಿನ ಕೊಂಬೆಯನ್ನು ಎತ್ತಿ, ಸೆರಗಿನಂತೆ ಹೊದ್ದ ಶಾಲಿನ ತುದಿಯಿಂದ ಒರೆಸಿದಳು. ಅದನ್ನು ಡಬ್ಬಿಯ ಹತ್ತಿರ ಒಯ್ಯಲಿಲ್ಲ. ಮಂಚದ ತಲೆದಿಂಬಿನ ಕಡೆ, ಅಣ್ಣ ಮೂರು ವರ್ಷ ತಲೆಯಿಟ್ಟು ಮಲಗಿದ್ದ ಜಾಗಕ್ಕೆ ಒಯ್ದು ಇಟ್ಟಳು.

“ಅಣ್ಣಾ, ನಾನು ಲೆಫಿನಾ,” ಎಂದಳು. “ಹೆಣ್ಣು ಕರೀಬಾರದು ಅಂತಾರೆ, ಅಂದ್ಕೊಳ್ಲಿ. ಇಲ್ಲಿ ನಿನ್ನನ್ನ ಚೆನ್ನಾಗಿ ನೋಡ್ಕೊಂಡಿದ್ದಾರೆ. ಈಗ ಬಾ, ಹೋಗೋಣ.”

ಅಷ್ಟು ಹೇಳಿ ತುಟಿ ಮುಚ್ಚಿದಳು. ಎಪ್ಪತ್ತೊಂಬತ್ತು ವರ್ಷದಲ್ಲಿ ಲೆಫಿನಾ ಅಜ್ಜಿ ಎಚ್ಚರವಿದ್ದಾಗ ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಕೊಂಬೆಯನ್ನು ಎದೆಗೆ ಹಿಡಿದು ನಡೆದಳು. ಗೇಟಿನಲ್ಲಿ ಜನ ದಾರಿ ಬಿಟ್ಟರು. ಟ್ಯಾಕ್ಸಿಯಲ್ಲಿ ಅವಳು ಒಂದು ಸೀಟಿನಲ್ಲಿ, ಕೊಂಬೆ ಇನ್ನೊಂದರಲ್ಲಿ. ಯಾರೂ ಪಕ್ಕ ಕೂರಲು ಒಪ್ಪದ ವಾಸನೆಯ ಎಲ್ಫಾಸ್ ಹಿಂದಿನ ಸೀಟಿನಲ್ಲಿ. ಖಾಲಿ ಬುಟ್ಟಿ ಅವನ ತೊಡೆಯ ಮೇಲೆ.

“ಇನ್ನು ಸಿಬಿಯಾಗಳು ಯಾರೂ ಈ ಮನೆ ಮೆಟ್ಟಿಲು ಹತ್ತಲ್ಲ,” ಎಂದ ಅವನು ಕಿಟಕಿಯಿಂದ.

“ನಾನ್ಯಾರು ಮತ್ತೆ?” ಎಂದಳು ಜಿಬುಯಿಲೆ. “ಈ ಮನೇಲಿ ಇರೋಳೂ ಸಿಬಿಯಾನೇ. ದಿನಾ ಹತ್ತಿ ಇಳೀತೀನಿ.”

ಟ್ಯಾಕ್ಸಿ ಹೋಯಿತು. ಜನ ಹೋಗಲಿಲ್ಲ.

ಕಕ್ಕಿದ ಹಾವಿಗೆ ಕೂಡಲೇ ಊಟ ಕೊಡುವ ಹಾಗಿಲ್ಲ. ಕೇಪ್‌ಟೌನಿನಿಂದ ಮಿಸ್ ಗೋವೆಂಡರ್ ಫೋನಿನಲ್ಲಿ ಹೇಳಿದ್ದು ಎರಡು ವಾರದ ಉಪವಾಸ, ಸದಾ ಹೊಸ ನೀರು, ಬೆಚ್ಚಗಿನ ಹಾಸು, ಮುಟ್ಟುವ ಮಾತೇ ಇಲ್ಲ. ಆಮೇಲೆ ಮೊದಲಿನದರ ಅರ್ಧದಷ್ಟು ಚಿಕ್ಕ ಇಲಿ. ತಿಂದರೆ ಉಳಿಯುತ್ತಾನೆ. ತಿನ್ನದಿದ್ದರೆ ಏನೆಂದು ಮಿಸ್ ಹೇಳಲಿಲ್ಲ, ಜಿಬುಯಿಲೆ ಕೇಳಲಿಲ್ಲ.

ಹಿರಿಯರನ್ನೇ ಹಾವೆಂದಳೆಂದು ಆ ಎರಡು ವಾರ ಬೀದಿಯ ಅರ್ಧ ಜನ ಅವಳ ನಮಸ್ಕಾರಕ್ಕೆ ಮುಖ ತಿರುಗಿಸಿದರು. ಚರ್ಚಿನ ಗುರುವಾರದ ಪ್ರಾರ್ಥನೆಯಲ್ಲಿ ಕೆಂಪು ರವಿಕೆಯ ಸಮವಸ್ತ್ರದ ಹೆಂಗಸರು ಬೆಂಚಿನ ಮೇಲೆ ಅವಳ ಎರಡೂ ಪಕ್ಕ ಜಾಗ ಬಿಟ್ಟು ಕೂತರು. ಅವಳು ಕಾಲು ಚಾಚಿ ಕೂತಳು, ಹಾಡನ್ನು ಎಲ್ಲರಿಗಿಂತ ಜೋರಾಗಿ ಹಾಡಿದಳು. ಮನೆಗೆ ಬಂದು ಪ್ರತಿ ಸಂಜೆ ಡಬ್ಬಿಯ ಮುಂದೆ ಕೂತು, ಗೂಡಿನ ಬಾಯಲ್ಲಿ ಕಾಣುವ ಎರಡು ಬಿಳಿ ಗೆರೆಗಳನ್ನು ನೋಡುತ್ತಿದ್ದಳು. ಅವನು ಸೊರಗಿದ್ದ. ಬೆನ್ನುಮೂಳೆ ದಾರದ ಹಾಗೆ ಎದ್ದು ಕಾಣುತ್ತಿತ್ತು.

ಹದಿನೈದನೆಯ ದಿನ ಮಧ್ಯಾಹ್ನ ಅವಳು ಡಬ್ಬಿಯನ್ನು ಎತ್ತಿ ತಂದು ಮುಂದಿನ ಕೋಣೆಯಲ್ಲಿ, ಹಾಡಹಗಲಿನಲ್ಲಿ, ಬೀದಿಗೆ ನೇರವಾಗಿ ಕಾಣುವ ಮೇಜಿನ ಮೇಲಿಟ್ಟಳು. ಬಾಗಿಲು ಹಾರು ಹೊಡೆದು, ಮುಚ್ಚಿಕೊಳ್ಳದ ಹಾಗೆ ಅದಕ್ಕೊಂದು ಇಟ್ಟಿಗೆ ಒತ್ತಿಟ್ಟಳು. ಬೆಚ್ಚಗಾದ ಪುಟ್ಟ ಇಲಿಯನ್ನು ಇಕ್ಕಳದಲ್ಲಿ ಹಿಡಿದಳು.

ಮಾಜೊಂಡಿ ಹೊಸಿಲಿನ ತನಕ ಬಂದಳು. “ಬಾಗಿಲು ಹಾಕ್ಕೊಳ್ಳಕ್ಕ. ಜನ ನೋಡ್ತಾರೆ.”

“ನೋಡ್ಲಿ ಅಂತಾನೇ ತೆಗೆದಿರೋದು.”

“ಏನಂತಾರೆ ಅಂತ ಗೊತ್ತಾ?”

“ನನ್ನ ಮುಂದೆ ಬಂದು ಅನ್ಲಿ. ಅಲ್ಲಾಡಬೇಡ, ನೆರಳು ಬೀಳುತ್ತೆ.”

ಮಿನಿಸ್ಟರ್ ಗೂಡಿನಿಂದ ಹೊರಗೆ ಬಂದ. ನಾಲಿಗೆ ಒಂದು ಸಲ, ಎರಡು ಸಲ. ಇಲಿಯ ಮೂತಿಯ ಹತ್ತಿರ ಬಂದು ನಿಂತ. ಗೇಟಿನಲ್ಲಿ ಸೈಕಲ್ಲೊಂದು ನಿಂತಿತು, ಅದರ ಹಿಂದೆ ಮತ್ತೊಬ್ಬರು ನಿಂತರು. ಜಿಬುಯಿಲೆ ತಲೆ ಎತ್ತಿ ನೋಡಲಿಲ್ಲ. ಇಕ್ಕಳವನ್ನು ಕೂದಲೆಳೆಯಷ್ಟು ಅಲ್ಲಾಡಿಸಿದಳು.

ಅವನು ತಲೆ ಹಿಂದಕ್ಕೆ ತೆಗೆದುಕೊಂಡ. ಮರುಕ್ಷಣ ಇಕ್ಕಳ ಕೈಯಲ್ಲಿ ಜಗ್ಗಿತು, ಹಾವು ಇಲಿಯನ್ನು ಹಿಡಿದು ಬಳ್ಳಿಯ ಹಾಗೆ ಸುತ್ತಿಕೊಂಡಿತ್ತು.

ನುಂಗಲು ಹನ್ನೊಂದು ನಿಮಿಷ ಹಿಡಿಯಿತು. ಗೇಟಿನಲ್ಲಿ ಅಷ್ಟು ಹೊತ್ತಿಗೆ ಹದಿನಾಲ್ಕು ಜನ. ಜಿಬುಯಿಲೆ ಇಕ್ಕಳ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಹಾವಿನ ಪಕ್ಕ, ಬೀದಿಗೆ ಎದುರಾಗಿ ಕೂತಳು.